ಗೋಡೆಯಾಚೆ ವಾಲಿದ ಗೊನೆ

“ಅಕ್ಕಾ, ನಿಮ್ ಬಾಳೆಗೊನೆ ನಮ್ ಕಡೀಕೆ ವಾಲ್ಕಂಡೈತೆ. ನೆಡಾವಾಗ ಒಸಿ ನೋಡ್ಕಂಡು ನೆಡಬಾರ್ದಿತ್ತಾ?” ಶಿರಾದ ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಕಾಂಪೌಂಡ್ ಗೋಡೆಯಾಚೆಯಿಂದ ಕೇಳಿದಳು.

ನೋಡಿಕೊಂಡೇ ನೆಟ್ಟಿದ್ದೆ. ಆ ಮನೆಯಲ್ಲಿ ಮೊದಲಿದ್ದವರು ಖೈರುನ್‌ಬೀ. ಅಂಗಳಕ್ಕೆಲ್ಲ ಚಪ್ಪಡಿ ಹಾಸಿದ್ದರಿಂದ ಗಿಡ ನೆಡಲು ಅವರಿಗೆ ಹಿಡಿ ಮಣ್ಣೂ ಇರಲಿಲ್ಲ. ಮಂಡಿನೋವಿನಿಂದಾಗಿ ದಿನವಿಡೀ ಅಲ್ಲೇ ಮಂಚದ ಮೇಲಿರುತ್ತಿದ್ದರು. ನಾನು ಬಚ್ಚಲ ನೀರು ಹರಿಯುವಲ್ಲಿ ಬಾಳೆಕಂದು ನೆಡುವಾಗ ಎದ್ದು ಬಂದು ಗೋಡೆಗೆ ಆತು ನಿಂತರು.

“ತಾಯಿಗಿಡದಿಂದ ಕಿತ್ತ ಗಾಯ ನಿನ್ ಕಡೆ ಇರ್ಲಿ ಬೇಟಿ. ಆಗ ಗೊನೆ ನಮ್ ಕಡೆ ವಾಲ್ತೈತೆ. ಹಣ್ಣು ನೀವು ತಿನ್ನಿ, ನಾನು ಕುಂತಲ್ಲಿಂದ ನೋಡ್ಕಂಡಿರ್ತೀನಿ” ಎಂದರು. ನಗುತ್ತಲೇ ಕಂದನ್ನು ತಿರುಗಿಸಿ ನೆಟ್ಟೆ. ಗಿಡ ಎದೆಯೆತ್ತರಕ್ಕೆ ಬರುವಷ್ಟರಲ್ಲಿ ಅವರು ತೀರಿಕೊಂಡರು.

ಇದನ್ನೆಲ್ಲ ಹೊಸಬಳಿಗೆ ಹೇಳಬಹುದಿತ್ತು. ಯಾಕೋ ಖೈರುನ್‌ಬೀ ಹೆಸರೆತ್ತಲು ಬಾಯಿ ಬರಲಿಲ್ಲ. “ಗೊತ್ತಾಗ್ಲಿಲ್ಲ ಕಣಮ್ಮ, ಕೋಲು ಕೊಟ್ಟು ನಿಲ್ಲಿಸ್ತೀನಿ” ಎಂದಷ್ಟೇ ಹೇಳಿ ಒಂದು ಉದ್ದನೆಯ ಗಳ ಹಿಡಿದು ಆ ಮನೆಗೆ ಹೋದೆ.

ಚಪ್ಪಡಿಯ ಮೇಲೆ ಗಳ ಊರಿ, ಅದರ ತುದಿಯನ್ನು ದಿಂಡಿಗೆ ಆನಿಸಿ ತಲೆಯೆತ್ತಿದೆ. ನಮ್ಮ ಅಂಗಳದಿಂದ ನೋಡಿದರೆ ಬಾಗಿದ ದಿಂಡಿನ ಬೆನ್ನಷ್ಟೇ ಕಾಣುತ್ತಿತ್ತು. ಇಡೀ ಗೊನೆಯನ್ನು ನಾನು ನೋಡಿದ್ದು ಅದೇ ಮೊದಲು. ಆಗ ನಿಂತಿದ್ದುದು ಖೈರುನ್‌ಬೀ ಅವರ ಮಂಚವಿದ್ದ ಜಾಗದಲ್ಲಿ. ಅಲ್ಲಿಂದ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತು!