ಕರಿ ಪರದೆ ತೋರಿಸದ ಸರ್

ಈಚೆಗೆ ಸೋಲಾಪುರದ ಹತ್ತಿರ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿಗೆ ಸರ್ವರ್ ನೋಡಲು ಹೋಗಿದ್ದೆ. ಬಾಗಿಲು ತೆರೆದೊಡನೆ ಕೂಲರಿನ ಒದ್ದೆ ಲಾವಂಚದ ವಾಸನೆ ಮುಖಕ್ಕೆ ಹೊಡೆಯಿತು. ಅಂಥದೇ ಕೂಲರಿದ್ದ ಅಕ್ಕಲಕೋಟೆಯ ಕಂಪ್ಯೂಟರ್ ಕ್ಲಾಸು, ನಮ್ಮ ಸರ್… ಎಲ್ಲ ನೆನಪಾಯಿತು. ನೆನಪಾಗಿ ಸಿಟ್ಟು ಬಂತು.

ಸರ್ ಒಳ್ಳೆಯವರು. ಬಿಸಿಲಲ್ಲಿ ಹಳ್ಳಿಯಿಂದ ಬಂದವರಿಗೆ ಮೊದಲು ನೀರು, ಆಮೇಲೆ ಪಾಠ. ಆದರೆ ಆ ಪಾಠ! ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು. "ಬಲಕ್ಕ ಕ್ಲಿಕ್, ಮೂರನೇ ಸಾಲು, ಓಕೆ" ಎಂದು ಅವರು ಹೇಳಿದರೆ ನಾವೆಲ್ಲ ಒಟ್ಟಿಗೆ ಕೂಗಬೇಕು. ಆಜ್ಞೆಗಳನ್ನು ಟೈಪ್ ಮಾಡುವ ಕರಿ ಪರದೆ ತಪ್ಪಿ ತೆರೆದುಕೊಂಡರೆ ಹಾವು ಕಂಡವರಂತೆ ಮುಚ್ಚಿಸುತ್ತಿದ್ದರು.

ಆ ಮಗ್ಗಿಯನ್ನೇ ನಂಬಿಕೊಂಡು ಸೋಲಾಪುರದ ಒಂದು ಚಾದರ ಕಾರ್ಖಾನೆಗೆ ಸೇರಿದೆ. ಒಂದು ದಿನ ಬಿಲ್ಲಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಎಲ್ಲ ಕಂಪ್ಯೂಟರುಗಳಲ್ಲೂ ಸರ್ವರಿನ ವಿಳಾಸ ಬದಲಿಸಬೇಕಿತ್ತು. ನೋಡಿದರೆ ಮೂರನೇ ಸಾಲಿನಲ್ಲಿ ಬೇರೇನೋ ಇದೆ! ಒಂದೊಂದರ ಮುಂದೆಯೂ ಕೂತು ತಡಕಾಡಿದೆ. ಹೊರಗೆ ಮಾಲು ತುಂಬಿದ ಲಾರಿಗಳು ಬಿಲ್ಲಿಲ್ಲದೆ ನಿಂತವು. ಮಧ್ಯಾಹ್ನ ಮಾಲೀಕರು ಹೊರಗಿನಿಂದ ಒಬ್ಬನನ್ನು ಕರೆಸಿದರು. ಅವನು ಕರಿ ಪರದೆ ತೆರೆದು ನಾಲ್ಕಾರು ಸಾಲು ಬರೆದ. ತಂದಿಟ್ಟ ಚಹಾ ಆರುವ ಮೊದಲೇ ಎಲ್ಲವೂ ಸರಿಯಾದವು.

"ನಾಳಿಂದ ನೀ ಬರೂದು ಬ್ಯಾಡಪಾ," ಅಂದರು ಮಾಲೀಕರು.

ಸೀದಾ ಅಕ್ಕಲಕೋಟೆಗೆ ಹೋದೆ. "ಸರ್, ಕರೀ ಪರದಿ ಯಾಕ ಕಲಸ್ಲಿಲ್ರಿ? ನಿಮಗೂ ಬರೂದಿಲ್ಲೇನು?"

"ಬರ್ತದೋ," ಅಂದರು ನಗುತ್ತ. "ಆದ್ರ ಅದೆಲ್ಲ ಪುಣೆ-ಮುಂಬೈ ಪೋರಗೋಳ ಕೆಲಸ. ನಮ್ಮ ಪೋರಗೋಳ ತಲಿಗಿ ಹತ್ತೂದಲ್ಲ. ಚಹಾ ತಗೋತಿ?"

ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಮಾಲು ಬಿಚ್ಚಿ ನೋಡದೆ ದರ ಹೇಳುವವನನ್ನು ಎಂದೂ ಕ್ಷಮಿಸಿಲ್ಲ. ಇವರು ನಮ್ಮ ತಲೆಗಳಿಗೇ ದರ ಕಟ್ಟಿದ್ದರು! ಚಹಾ ಮುಟ್ಟದೆ ಎದ್ದು ಬಂದೆ. ಹಠಕ್ಕೆ ಬಿದ್ದು ನಾನೇ ಕಲಿತೆ. ಇಂದು ಏಳೆಂಟು ಕಾರ್ಖಾನೆಗಳ ಸರ್ವರುಗಳು ನನ್ನ ಕೈಯಲ್ಲಿವೆ. ಈ ಕೆಲಸಕ್ಕೆ ಇಳಿಯುವವರು ಕೇಳಿ: ಮೌಸ್ ಹಿಡಿದವನು ಒಂದು ಯಂತ್ರ ನೋಡಿಕೊಂಡಾನು, ನೂರು ನೋಡಿಕೊಳ್ಳಬೇಕಾದವನಿಗೆ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದು ಮಾಡಿಸುವುದು ಬರಲೇಬೇಕು. "ನಿನಗ್ಯಾಕ ಅದು" ಅನ್ನುವ ಕ್ಲಾಸಿಗೆ ಫೀ ಕೊಡಬೇಡಿ.

ಮೊನ್ನೆ ಭಾನುವಾರ, ಉಳಿದ ಜಗಳ ಮುಗಿಸಿಯೇ ಬರೋಣವೆಂದು ಸರ್ ಮನೆಗೆ ಹೋದೆ. ಗೋಡೆಯ ಮೇಲೆ ಅವರ ಫೋಟೋ, ಅದಕ್ಕೊಂದು ಹಾರ… ನನಗೆ ಯಾರೂ ತಿಳಿಸಿರಲಿಲ್ಲ.

"ನಿನ್ನ ಭಾಳ ನೆನಸ್ತಿದ್ರಪಾ," ಅಂದರು ಅವರ ಹೆಂಡತಿ. "ಬಂದ ಪೋರಗೋಳಿಗೆಲ್ಲ, 'ಅವ ಕರೀ ಪರದಿ ಮ್ಯಾಲ ಕಾರ್ಖಾನಿ ನಡಸ್ತಾನ, ನನ್ನ ಕಡೆ ಕಲ್ತಾವ' ಅಂತಿದ್ರು. ಖರೇ ಹೌದಲ್ಲ?"

ನಾನು ಅವರ ಕಡೆ ಕಲಿತವನಂತೆ! ಮೈಯೆಲ್ಲ ಉರಿಯಿತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದ್ರಿ ಕಾಕು," ಅಂದೆ.

ಸರ್ ಇದ್ದಿದ್ದರೆ, ಅದನ್ನು ನನಗೆ ಯಾವಾಗ ಕಲಿಸಿದಿರೆಂದು ಅಂಗಳದಲ್ಲೇ ನಿಲ್ಲಿಸಿ ಕೇಳುತ್ತಿದ್ದೆ. ಸಿಟ್ಟು ಹಾಗೇ ಇದೆ… ಬೈಸಿಕೊಳ್ಳಬೇಕಾದವರು ಇಲ್ಲ.