ಒಂದೇ ಕೂಗು

ಮೊನ್ನೆ ಮಧ್ಯಾಹ್ನ ಮೊಮ್ಮಗ ಮಂಡಿ ತರಚಿಕೊಂಡು ಬಂದ. ಹತ್ತಿಗೆ ಸ್ಪಿರಿಟ್ ಸುರಿದೆ. ಆ ತಣ್ಣನೆಯ ವಾಸನೆಗೆ, ಸಿಂಧಘಟ್ಟದ ನಮ್ಮ ಎದುರುಮನೆಯ ನರ್ಸಮ್ಮ ಪಕ್ಕದಲ್ಲೇ ಬಂದು ನಿಂತಂತಾಯಿತು...

ಸರ್ಕಾರಿ ಆಸ್ಪತ್ರೆಯ ಕೆಲಸ ಬಿಟ್ಟು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಅವರು ಕ್ಲಿನಿಕ್ ಇಟ್ಟಿದ್ದರು. ಒಂದು ಮಂಚ, ಸೀಮೆಎಣ್ಣೆ ಸ್ಟವ್ವು, ಅದರ ಮೇಲೆ ಕಟಕಟ ಸದ್ದು ಮಾಡುತ್ತ ಕುದಿಯುವ ಸೂಜಿಯ ಡಬ್ಬಿ. ಅವರು ಊರಿಗೆ ಬಂದ ಹೊಸದರಲ್ಲೇ ಅವ್ವ ಎಚ್ಚರಿಸಿದ್ದಳು: "ಮಟಮಟ ಮಧ್ಯಾನ ಒಂದು ಕೂಗಿಗೆ ಓಗೊಡ್ಬ್ಯಾಡಿ ನರ್ಸಮ್ಮ. ಮನುಸ್ರಾದ್ರೆ ಮೂರು ಕಿತ ಕೂಗ್ತಾರೆ."

"ದೆವ್ವುಕ್ಕೆ ಬಾಣಂತನ ಮಾಡಕ್ಕೆ ನಂಗೂ ಪುರ್ಸೊತ್ತಿಲ್ಲ ಬುಡವ್ವ" ಎಂದು ನಕ್ಕಿದ್ದರು.

ಒಂದು ಮಧ್ಯಾಹ್ನ ಅವರು ಉಣ್ಣುತ್ತಿದ್ದಾಗ ಹೊರಗೆ "ಅಮ್ಮಾ" ಎಂದು ಕೇಳಿಸಿತಂತೆ. ಏಳಲು ಹೋದವರು ಅವ್ವನ ಮಾತು ನೆನೆದು, ಇನ್ನೊಂದು ಕೂಗಿಗೆ ಕಾದರು. ಕೇಳಿಸಲಿಲ್ಲ. ಕೈ ತೊಳೆದು ಹೊರಬಂದರೆ ಹೊಂಗೆಮರದಡಿ ಗಾಡಿ. ಒಳಗೆ ಬಸುರಿ ಹೆಂಗಸು. ಗಾಡಿ ಹೊಡೆದು ತಂದಿದ್ದ ಅವಳ ಅಪ್ಪ ನೀರು ಹುಡುಕಿಕೊಂಡು ಹೋಗಿದ್ದ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

"ಎರಡ್ನೇ ಕೂಗಿಗೆ ಅವಳ ತಾವ ಉಸ್ರೇ ಇರ್ನಿಲ್ಲ ಕಣವ್ವ" ಎಂದಷ್ಟೇ ನರ್ಸಮ್ಮ ಹೇಳಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಅಂದಿನಿಂದ ಅವರು ಮೊದಲ ಕೂಗಿಗೇ "ಬಂದೆ" ಎನ್ನುತ್ತಿದ್ದರು. ಆಮೇಲಾಮೇಲೆ, ನಮಗೆ ಏನೂ ಕೇಳಿಸದಿದ್ದಾಗಲೂ... ಚೀಲ ಹಿಡಿದು ಖಾಲಿ ಬೀದಿಗಿಳಿದು, ಹೊಂಗೆಮರದವರೆಗೆ ಹೋಗಿ ಹಿಂದಿರುಗುತ್ತಿದ್ದರು. "ಗಾಳಿ ಮೆಟ್ಕೊಂಡದೆ ಕಣ್ಲಾ, ಆವಮ್ಮನ ಕೈಲಿ ಸೂಜಿ ಚುಚ್ಚುಸ್ಕಂಡೀಯ" ಎಂದು ಗಂಡಸರು ಆಡಿಕೊಂಡರು. ಕ್ಲಿನಿಕ್ಕಿಗೆ ಬರುವವರು ಕಡಿಮೆಯಾದರು.

ಹೆರಿಗೆಗೆಂದು ಮನೆಗೆ ಬಂದಿದ್ದ ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಬಂದಾಗ ಅವ್ವ ಗದ್ದೆಯಲ್ಲಿದ್ದಳು, ನಾನು ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದೆ. ಕೊಡ ಹೊತ್ತು ಒಳಬಂದರೆ ನರ್ಸಮ್ಮ ಆಗಲೇ ಅಡುಗೆಮನೆಯಲ್ಲಿ ಅಕ್ಕನ ಸೊಂಟ ಹಿಡಿದು ಕೂತಿದ್ದರು.

"ಕೂಗುದ್ಲಲ್ಲ, ಬಂದೆ. ನೀರು ಕಾಯ್ಸೋಗು ಮಗ."

ಕೂಸು ಅತ್ತಿತು. ಸಂಜೆ ಅಕ್ಕ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಹಲ್ಲು ಕಚ್ಕೊಂಡಿದ್ದೆ ಕಣೇ. ಬಾಯೇ ಬುಡ್ನಿಲ್ಲ ನಾನು. ಕೂಗಿದ್ದು ಯಾರು?"

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ನರ್ಸಮ್ಮ "ಬಂದೆ ಕಣವ್ವ" ಎಂದಿದ್ದು ನಮ್ಮ ಜಗಲಿಗೆ ಕೇಳಿಸಿತು. ಎಂದಿನ ಹಾಗೆ ಹಿಂದಿರುಗಿ ಬರುತ್ತಾರೆ ಅಂದುಕೊಂಡೆವು... ಬಾರದಿದ್ದಾಗ ಹೋಗಿ ನೋಡಿದರೆ ಹೊಂಗೆಮರಕ್ಕೆ ಒರಗಿ ಕೂತಿದ್ದರು, ಉಸಿರಿರಲಿಲ್ಲ. ಮಡಿಲಲ್ಲಿ ಚೀಲ. ಕ್ಲಿನಿಕ್ಕಿನಲ್ಲಿ ಸೂಜಿಯ ಡಬ್ಬಿ ಇನ್ನೂ ಕುದಿಯುತ್ತಿತ್ತು.

ಮೊಮ್ಮಗನ ಗಾಯಕ್ಕೆ ಬಟ್ಟೆ ಕಟ್ಟುವಾಗ ಬೀದಿಯಲ್ಲಿ ಯಾರೋ "ಅಮ್ಮಾ" ಎಂದಂತಾಯಿತು. ಒಂದೇ ಸಲ. "ಬಂದೆ" ಎಂದು ಎದ್ದು ಹೋಗಿ ಬಾಗಿಲು ತೆರೆದೆ. ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಇದ್ದಿದ್ದರೂ ನಾನೇನು ಮಾಡಬಲ್ಲವಳಾಗಿದ್ದೆ... ನರ್ಸಮ್ಮನ ಆ ಕೈಗಳು ಹೋಗಿ ಎಷ್ಟು ಕಾಲವಾಯಿತು.