ಮೂತಿ ಊರಿದ ಬಾಂಬರ್, ಹೊಳವನಹಳ್ಳಿಯ ಬೆಂಚು

ಐವತ್ತರ ದಶಕದ ಕೊನೆಯ ಮಾತು. ನಮ್ಮ ಚಿಕ್ಕಪ್ಪ ವಾಯುಪಡೆಯಲ್ಲಿ ಫಿಟ್ಟರ್. ರಜೆಗೆ ಮಧುಗಿರಿಗೆ ಬಂದರೆ ಅವರ ಬಾಯಲ್ಲಿ ಒಂದೇ ಪುರಾಣ, ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಪರದೇಶದವರು, ಯಾರಿಗೂ ದಕ್ಕದಿರಲೆಂದು ಎಂಜಿನ್ನಿಗೆ ಮರಳು ಸುರಿದು, ಅವನ್ನು ಕಾನ್ಪುರದ ಬಯಲಲ್ಲಿ ಬಿಟ್ಟುಹೋಗಿದ್ದರಂತೆ. ನಮ್ಮವರು ಇದರ ರೆಕ್ಕೆ ಅದಕ್ಕೆ, ಅದರ ಬಾಲ ಇದಕ್ಕೆ ಕೂಡಿಸಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರಂತೆ.

ನಾನಾಗ ಎಲ್ಲರನ್ನೂ ಅಣಕಿಸಿಕೊಂಡು ತಿರುಗುತ್ತಿದ್ದವನು. ಅಮಲ್ದಾರರ ಕೆಮ್ಮು, ಶಿರಾ ಬಸ್ಸಿನ ಗೇರು ಎರಡೂ ನನ್ನ ಗಂಟಲಲ್ಲಿದ್ದವು. ಪರೀಕ್ಷೆಯ ಪಾಠ ಮಾತ್ರ ಅಲ್ಲಿಗೆ ಇಳಿದಿರಲಿಲ್ಲ. ಬಾಂಬರಿಗೆ ಬಾಯಿ ಸಾಲದೆ ಒಂದು ಎಂಜಿನ್ನನ್ನು ಮೂಗಿನಿಂದಲೇ ಓಡಿಸುತ್ತಿದ್ದೆ.

ಚಿಕ್ಕಪ್ಪನಿಗೆ ಹೆಣ್ಣು ಹುಡುಕುತ್ತಿದ್ದರು. ಎರಡು ಮನೆಯವರು ಉಪ್ಪಿಟ್ಟು ಕೇಸರಿಬಾತು ಕೊಟ್ಟು, "ಕಾಗದ ಬರೀತೀವಿ" ಅಂದು ಕಳಿಸಿದ್ದರು. ಹಾಗಂದರೆ ಒಲ್ಲೆವು ಅಂತಲೇ ಅರ್ಥ. ವಿಮಾನದ ಕೆಲಸ ಎಂದರೆ ಜನಕ್ಕೆ ಭಯ. ಮೂರನೆಯದು ಹೊಳವನಹಳ್ಳಿ. ಈ ಹುಡುಗಿಯನ್ನು ಸಂತೆಯಲ್ಲಿ ನೋಡಿ ಚಿಕ್ಕಪ್ಪ ಆಗಲೇ ಮೆಚ್ಚಿಬಿಟ್ಟಿದ್ದರು. ಬಸ್ಸಿಳಿಯುವಾಗ ನನ್ನ ಕಿವಿ ಹಿಡಿದು, "ಇವತ್ತು ಬಾಯಿ ಮುಚ್ಕಂಡಿರು ಕಣ್ಲಾ" ಅಂದರು.

ಮುಚ್ಚಿಕೊಂಡೇ ಇದ್ದೆ. ಹುಡುಗಿಯ ಅಜ್ಜಿಯೇ ಕೇಳಿದರೆ ಏನು ಮಾಡಲಿ? "ಆ ಇಮಾನ ಹೆಂಗೆ ಇಳೀತೈತೆ, ತೋರ್ಸಪ್ಪ."

ಎಲ್ಲ ಬಿಟ್ಟು ನನಗೆ ನೆನಪಾದದ್ದು ಚಿಕ್ಕಪ್ಪ ಹೇಳಿದ್ದ, ಮೂತಿಯ ಚಕ್ರ ಮುರಿದಿದ್ದ ಬಾಂಬರ್. ಗೋಡೆಯ ಪಕ್ಕದ ಬೆಂಚೇ ವಿಮಾನವಾಯಿತು. ಇಳಿಯುವಾಗ ಮೂತಿ ನೆಲಕ್ಕೆ ತಾಗದಂತೆ ಒಳಗಿದ್ದವರೆಲ್ಲ ಬಾಲದ ಕಡೆ ಓಡಿದರಂತೆ ಎನ್ನುತ್ತ, ನಾಲ್ಕೂ ಎಂಜಿನ್ ಮೊಳಗಿಸಿ ಹಿಂದಕ್ಕೆ ನೆಗೆದು ಬೆಂಚಿನ ತುದಿಗೆ ಕೂತೆ. ಬೆಂಚಿನ ಆಚೆ ತುದಿ ಎದ್ದಿತು. ಅದರ ಮೂತಿಯಲ್ಲಿ ಕೂತಿದ್ದ ಮದುವೆ ದಲ್ಲಾಳಿ ಕೇಸರಿಬಾತಿನ ತಟ್ಟೆ ಸಮೇತ ನೆಲಕ್ಕಿಳಿದರು.

ಮಕ್ಕಳು ನಕ್ಕವು. ಅಜ್ಜಿ ನಗಲಿಲ್ಲ. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು, "ನಾವು ಕಾಗದ..." ಎಂದು ಶುರುಮಾಡಿದರು. ಚಿಕ್ಕಪ್ಪ ಯಾರ ಮುಖವನ್ನೂ ನೋಡದೆ ದಲ್ಲಾಳಿಯ ಕಂಕುಳಿಗೆ ಕೈಹಾಕಿ ಎತ್ತುತ್ತಿದ್ದರು.

ಬಾಗಿಲ ಸಂದಿಯಿಂದ ಹುಡುಗಿ ಕೇಳಿದಳು. "ಒಳಗಿದ್ದೋರು ಏನಾದ್ರು?"

"ಕೊನೇಗೆ ಮೂತಿ ಊರ್ತು, ಅವ್ರು ಇಳ್ದು ನಡ್ಕಂಡ್ ಬಂದ್ರು. ನಾವು ಕೆಳಗಿರೋರು. ಮೂತಿ ಎತ್ತಿ ನಿಲ್ಸಿ, ಹೊಸ ಚಕ್ರ ಹಾಕುದ್ವಿ. ಆಮೇಲೆ ಹಾರ್ತು," ಎಂದರು ಚಿಕ್ಕಪ್ಪ, ದಲ್ಲಾಳಿಯ ಬೆನ್ನಿನ ಕೇಸರಿಬಾತು ಒರೆಸುತ್ತ.

"ಇವ್ರು ಹಾರೋರಲ್ಲ ಕಣಜ್ಜಿ," ಎಂದಳು ಹುಡುಗಿ. "ಎತ್ತೋರು."

ಅಜ್ಜಿ ದಲ್ಲಾಳಿಯನ್ನು ನೋಡಿದರು, ಅವರನ್ನು ಇನ್ನೂ ಹಿಡಿದೇ ಇದ್ದ ಚಿಕ್ಕಪ್ಪನ ಕೈಯನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಕಾಗದ ಆಮೇಲೆ ಬರೀವಂತೆ, ಇವ್ರಿಗೆ ಇನ್ನೊಂದು ತಟ್ಟೆ ತರ್ಸು" ಅಂದರು.

ಕಾಗದ ಬರಲೇ ಇಲ್ಲ, ಚಿಕ್ಕಮ್ಮನೇ ಬಂದರು. ಬೆಂಚಿನ ತುದಿಗೆ ನೆಗೆದ ನನ್ನನ್ನು ಅಣಕಿಸುವುದರಲ್ಲಿ ಇಡೀ ಮನೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ.